ನಳಿಗೆಗೆ ರಂಧ್ರ ಕೊರೆದರೆ ಕೋವಿಯ ಸದ್ದು ಹೆಚ್ಚುವುದೇ?



ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ಸುತ್ತಮುತ್ತ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ರಾಗಿ ಹೊಲಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಬೆಳೆ ಕೈಗೆ ಬರುವ ಕಾಲಕ್ಕೆ ರೈತರು ಹಕ್ಕಿ, ಹಂದಿಗಳನ್ನು ಓಡಿಸಲು ತಗಡಿನ ಡಬ್ಬ ಬಡಿಯುತ್ತಾರೆ, ಕೂಗು ಹಾಕುತ್ತಾರೆ, ಪಟಾಕಿ ಹಚ್ಚುತ್ತಾರೆ. ಸದ್ದು ಬೆಳೆಗೆ ಕಾವಲುಗಾರ. ಆದರೆ ಅದೇ ಸದ್ದು ಅದನ್ನು ಮಾಡುವವನ ಕಿವಿಗೆ ಏನಾಗುತ್ತದೆ ಎಂದು ನಾವು ವಿಚಾರಿಸುವುದು ಕಡಿಮೆ.

ಈ ವಿಚಾರವನ್ನು ತಿಳಿಯಲು ಒಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಬೇಟೆ ಕಾನೂನುಬದ್ಧವಾಗಿರುವ ಅಮೆರಿಕದಂತಹ ದೇಶಗಳಲ್ಲಿ ಬೇಟೆಗಾರರೂ ಗುರಿಕಾರರೂ ಬಹುಕಾಲದಿಂದ ವಾದ ಮಾಡುತ್ತಿರುವ ಪ್ರಶ್ನೆ ಇದು: ಚರೆಕೋವಿಯ ನಳಿಗೆಯ ತುದಿಯ ಬಳಿ ಸಣ್ಣ ರಂಧ್ರಗಳನ್ನು ಕೊರೆದರೆ ಅದರ ಸದ್ದು ಗುರುತಿಸುವಷ್ಟು ಹೆಚ್ಚುತ್ತದೆಯೇ? ಹೌದೆನ್ನುವವರಿದ್ದಾರೆ, ಇಲ್ಲವೆನ್ನುವವರೂ ಇದ್ದಾರೆ. ಇಬ್ಬರೂ ತಮ್ಮ ಕಿವಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಒಂದೇ ಸದ್ದಿಗೆ ಎರಡು ಸಾಕ್ಷಿ ಹೇಗೆ ಬಂತು ಎಂಬುದನ್ನು ಬಿಡಿಸಿದರೆ ಭೌತಶಾಸ್ತ್ರವೂ ತಿಳಿಯುತ್ತದೆ, ನಮ್ಮ ಕಿವಿಯ ಸ್ವಭಾವವೂ ತಿಳಿಯುತ್ತದೆ.

ಸದ್ದು ಹುಟ್ಟುವುದು ಎಲ್ಲಿ?

ಚರೆಕೋವಿಯ ತೋಟಾದಲ್ಲಿ ಒಂದೂವರೆ ಗ್ರಾಂ ಆಸುಪಾಸಿನ ಮದ್ದು, ಅದರ ಮುಂದೆ ಒಂದು ಬೆಣೆ, ಬೆಣೆಯ ಮುಂದೆ ಸೀಸದ ಸಣ್ಣ ಚರೆಗಳು ಇರುತ್ತವೆ. ಕುದುರೆ ಎಳೆದಾಗ ಮದ್ದು ಉರಿದು ಅನಿಲವಾಗುತ್ತದೆ. ಕೋವಿಯ ಗರ್ಭದಲ್ಲಿ ಆ ಅನಿಲದ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 700 ಪಟ್ಟಿನವರೆಗೆ ಏರಬಹುದು. ಅನಿಲ ಹಿಗ್ಗುತ್ತಾ ಚರೆಗಳನ್ನು ಮುಂದಕ್ಕೆ ದಬ್ಬುತ್ತದೆ. 70 ಸೆಂಟಿಮೀಟರ್ ಉದ್ದದ ನಳಿಗೆಯನ್ನು ದಾಟುವ ಹೊತ್ತಿಗೆ ಚರೆಗಳ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಇದೆಲ್ಲ ಮುಗಿಯಲು ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು ಸಮಯ ಸಾಕು.

ಚರೆ ಹೊರಬಿದ್ದ ಕೂಡಲೇ ಅದರ ಹಿಂದಿದ್ದ ಅನಿಲವೂ ಬಿಡುಗಡೆಯಾಗುತ್ತದೆ. ನಳಿಗೆಯ ಬಾಯಿಯ ಹತ್ತಿರ ಅದರ ಒತ್ತಡ ಗರ್ಭದಲ್ಲಿದ್ದುದಕ್ಕಿಂತ ಬಹಳ ಕಡಿಮೆಯಾಗಿರುತ್ತದೆ. ಆದರೂ ವಾಯುಮಂಡಲದ ಹತ್ತಾರು ಪಟ್ಟು ಉಳಿದಿರುತ್ತದೆ. ಆ ಬಿಸಿ ಅನಿಲ ಸುತ್ತಲಿನ ತಣ್ಣನೆಯ ಗಾಳಿಗೆ ಒಮ್ಮೆಲೇ ಗುದ್ದುತ್ತದೆ. ಸೈಕಲ್ಲಿನ ಟ್ಯೂಬು ಒಡೆದಾಗ ಆಗುವುದೂ ಇದೇ. ಕೋವಿಯ ‘ಢಂ’ ಎಂಬ ಸದ್ದಿನ ದೊಡ್ಡ ಪಾಲು ಹೀಗೆ ನಳಿಗೆಯ ಬಾಯಲ್ಲಿ ಹುಟ್ಟುತ್ತದೆ. ಚರೆಗಳು ಶಬ್ದಕ್ಕಿಂತ ವೇಗವಾಗಿ ಹೊರಡುವುದರಿಂದ ಅವುಗಳೂ ಒಂದು ಸಣ್ಣ ಆಘಾತ ತರಂಗವನ್ನು ಎಬ್ಬಿಸುತ್ತವೆ. ಆದರೆ ಗಾಳಿಯ ತಡೆಯಿಂದ ಅವುಗಳ ವೇಗ ಬಹುಬೇಗ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ.

ಇಲ್ಲೊಂದು ಮುಖ್ಯ ಅಂಶವಿದೆ. ಈ ಸದ್ದು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದಿಲ್ಲ. ಅನಿಲ ಮುಂದಕ್ಕೆ ನುಗ್ಗುವುದರಿಂದ ನಳಿಗೆಯ ಎದುರು ಸದ್ದು ಹೆಚ್ಚು, ಹಿಂದೆ ಕಡಿಮೆ. ಒಂದೇ ದೂರದಲ್ಲಿ ಅಳೆದರೂ ಮುಂದಿಗೂ ಹಿಂದಿಗೂ 10 ಡೆಸಿಬೆಲ್‌ಗಿಂತ ಹೆಚ್ಚಿನ ಅಂತರ ಇರಬಹುದು. ಕೋವಿ ಹಿಡಿದವನು ಹಿಂದಿರುತ್ತಾನೆ. ಆದ್ದರಿಂದ ಆ ಸದ್ದಿನ ಕಡಿಮೆ ಪಾಲು ಅವನದು.

ರಂಧ್ರ ಕೊರೆಯುವುದು ಏತಕ್ಕೆ?

ಈಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಅದರ ಮೂತಿ ಮೇಲಕ್ಕೆ ನೆಗೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮ ನಿಮಗೆ ಗೊತ್ತೇ ಇದೆ. ಹಾರುವ ಗುರಿಗೆ ಬೆನ್ನುಬೆನ್ನಿಗೆ ಎರಡು ಈಡು ಹೊಡೆಯಬೇಕಾದವನಿಗೆ ಮೂತಿ ನೆಗೆಯುವುದು ತೊಂದರೆ. ಅದಕ್ಕಾಗಿ ನಳಿಗೆಯ ತುದಿಗೆ ಸ್ವಲ್ಪ ಹಿಂದೆ, ಮೇಲ್ಭಾಗದ ಎರಡೂ ಬದಿಗೆ ಸಾಲಾಗಿ ರಂಧ್ರಗಳನ್ನು ಕೊರೆಯುತ್ತಾರೆ. ಇದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಅಂತಹ ನಳಿಗೆ ಪೋರ್ಟೆಡ್ ಬ್ಯಾರೆಲ್. ಅನಿಲದ ಒಂದು ಪಾಲು ಈ ರಂಧ್ರಗಳಿಂದ ಮೇಲಕ್ಕೆ ಚಿಮ್ಮಿದರೆ ಅದರ ಪ್ರತಿಕ್ರಿಯೆ ನಳಿಗೆಯನ್ನು ಕೆಳಕ್ಕೆ ಒತ್ತುತ್ತದೆ. ಮೂತಿಯ ನೆಗೆತ ಕಡಿಮೆಯಾಗುತ್ತದೆ.

ಎಷ್ಟು ಕಡಿಮೆಯಾಗುತ್ತದೆ? ಸರಿಸುಮಾರಾಗಿ ಒಂದು ಲೆಕ್ಕ ಮಾಡೋಣ. 30 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 0.030 × 400 = 12 ಮಾನಗಳು. 3 ಗ್ರಾಂ ತೂಕದ ಬೆಣೆಯದು 1.2. ಒಂದೂವರೆ ಗ್ರಾಂ ಅನಿಲ ಸೆಕೆಂಡಿಗೆ ಸುಮಾರು 1,200 ಮೀಟರ್ ವೇಗದಲ್ಲಿ ನುಗ್ಗಿತೆಂದುಕೊಂಡರೆ ಅದರದು 1.8. ಒಟ್ಟು 15. ಕೋವಿಯ ತೂಕ 3.4 ಕಿಲೋಗ್ರಾಂ ಇದ್ದರೆ ಅದು ಹಿಂದಕ್ಕೆ ಒದೆಯುವ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್.

ಈಗ ಗಮನಿಸಿ. ಒದೆತದಲ್ಲಿ ಅನಿಲದ ಪಾಲು 15ರಲ್ಲಿ 1.8, ಅಂದರೆ ನೂರಕ್ಕೆ 12 ಮಾತ್ರ. ರಂಧ್ರಗಳು ಆ ಅನಿಲದ ಒಂದು ಭಾಗವನ್ನಷ್ಟೇ ತಿರುಗಿಸಬಲ್ಲವು. ಆದ್ದರಿಂದ ಚರೆಕೋವಿಯಲ್ಲಿ ಪೋರ್ಟಿಂಗ್‌ನ ಲಾಭ ಸಣ್ಣದು. ಹೆಚ್ಚು ಮದ್ದು, ಹೆಚ್ಚು ಒತ್ತಡ ಇರುವ ರೈಫಲ್ಲುಗಳಲ್ಲಿ ಇದೇ ಉಪಾಯ ಹೆಚ್ಚು ಫಲ ಕೊಡುತ್ತದೆ. ಅಲ್ಲಿ ಸದ್ದಿನ ಏರಿಕೆಯೂ ಹಾಗೆಯೇ ಹೆಚ್ಚು.

ಡೆಸಿಬೆಲ್ ಎಂಬ ಅಳತೆ

ಸದ್ದು ಹೆಚ್ಚಾಯಿತೇ ಎಂದು ಕೇಳುವ ಮೊದಲು ಸದ್ದನ್ನು ಅಳೆಯುವ ಬಗೆ ತಿಳಿದಿರಬೇಕು. ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಆರೋಗ್ಯವಂತ ಕಿವಿ ಕೇಳಬಲ್ಲ ಅತಿ ಸಣ್ಣ ಏರಿಳಿತ ಒಂದು ಪ್ಯಾಸ್ಕಲ್‌ನ ಹತ್ತು ಲಕ್ಷದಲ್ಲಿ 20 ಪಾಲು. ಇದಕ್ಕೆ 0 ಡೆಸಿಬೆಲ್ ಎಂದು ಹೆಸರು. ಕೋವಿಯ ಸದ್ದಿನ ಒತ್ತಡ ಇದರ ಕೋಟಿ ಪಟ್ಟಿಗೂ ಮಿಗಿಲು. ಇಷ್ಟು ಅಗಲದ ವ್ಯಾಪ್ತಿಯನ್ನು ಸಾಮಾನ್ಯ ಅಳತೆಗೋಲಿನಲ್ಲಿ ಹಿಡಿಸಲಾಗದೆ ವಿಜ್ಞಾನಿಗಳು ಲಾಗರಿತಮ್ಮಿನ ಮೊರೆಹೊಕ್ಕರು. ಆದ್ದರಿಂದ ಡೆಸಿಬೆಲ್‌ಗಳನ್ನು ರೂಪಾಯಿ ಕೂಡಿಸಿದಂತೆ ಕೂಡಿಸಬಾರದು. ಮೂರು ಸೂತ್ರಗಳನ್ನು ನೆನಪಿಡಿ.

ಒಂದು: 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ.

ಎರಡು: ನಮ್ಮ ಕಿವಿಗೆ ಸದ್ದು ಎರಡರಷ್ಟಾಯಿತು ಎನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು.

ಮೂರು: ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ.

ಮಾತುಕತೆಯ ಸದ್ದು ಸುಮಾರು 60 ಡೆಸಿಬೆಲ್. 12 ಬೋರಿನ ಚರೆಕೋವಿಯದು, ಹೊಡೆಯುವವನ ಕಿವಿಯ ಬಳಿ, ನಳಿಗೆ ಮತ್ತು ತೋಟಾ ಹೇಗಿದೆ ಎಂಬುದರ ಮೇಲೆ 150ರಿಂದ 165 ಡೆಸಿಬೆಲ್‌ವರೆಗೆ. ಕಾರ್ಖಾನೆಗಳ ಸುರಕ್ಷತಾ ನಿಯಮಗಳಲ್ಲಿ ಗುದ್ದುಸದ್ದಿಗೆ ಇಟ್ಟಿರುವ ಮೇಲ್ಮಿತಿ 140 ಡೆಸಿಬೆಲ್. ಅದಕ್ಕಿಂತ ಮೇಲಿನ ಒಂದೇ ಒಂದು ಸದ್ದೂ ರಕ್ಷಣೆಯಿಲ್ಲದ ಕಿವಿಗೆ ಅಪಾಯಕಾರಿ ಎಂದು ಶ್ರವಣ ತಜ್ಞರು ಎಣಿಸುತ್ತಾರೆ. ಅಂದರೆ ರಂಧ್ರ ಇರಲಿ, ಇಲ್ಲದಿರಲಿ, ಕೋವಿ ಈ ಗೆರೆಯನ್ನು ಮೊದಲೇ ದಾಟಿರುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟು ಮುಂದೆ ಹೋಗೋಣ.

ಹಾಗಾದರೆ ಸದ್ದು ಹೆಚ್ಚುತ್ತದೆಯೇ?

ಮದ್ದು ಅಷ್ಟೇ ಇರುವುದರಿಂದ ಒಟ್ಟು ಶಕ್ತಿ ಹೆಚ್ಚುವುದಕ್ಕೆ ದಾರಿಯಿಲ್ಲ. ಬದಲಾಗುವುದು ಅದರ ಹಂಚಿಕೆ. ಮೂರು ಕಾರಣಗಳನ್ನು ಬೇರೆ ಬೇರೆಯಾಗಿ ನೋಡೋಣ.

ಮೊದಲನೆಯದು ದೂರ. ರಂಧ್ರಗಳು ನಳಿಗೆಯ ಬಾಯಿಗಿಂತ ಕೆಲವು ಸೆಂಟಿಮೀಟರ್ ಹಿಂದಿರುತ್ತವೆ. ಕಿವಿಗೂ ನಳಿಗೆಯ ಬಾಯಿಗೂ ನಡುವೆ ಒಂದು ಮೀಟರ್ ಇದ್ದು, ರಂಧ್ರಗಳು 8 ಸೆಂಟಿಮೀಟರ್ ಹತ್ತಿರ ಇದ್ದರೆ, ಮೂರನೆಯ ಸೂತ್ರದಂತೆ ಇದರಿಂದಾಗುವ ಏರಿಕೆ ಒಂದು ಡೆಸಿಬೆಲ್‌ಗಿಂತಲೂ ಕಡಿಮೆ.

ಎರಡನೆಯದು ಒತ್ತಡ. ಅನಿಲ ನಳಿಗೆಯೊಳಗೆ ಹೆಚ್ಚು ದೂರ ಸಾಗಿದಷ್ಟೂ ಹಿಗ್ಗಿ ತಣ್ಣಗಾಗುತ್ತದೆ. ರಂಧ್ರದಿಂದ ಹೊರಬೀಳುವ ಅನಿಲ ಈ ಕೊನೆಯ ಕೆಲವು ಸೆಂಟಿಮೀಟರ್‌ಗಳ ವಿರಾಮವನ್ನು ಪಡೆಯುವುದಿಲ್ಲ. ಸ್ವಲ್ಪ ಹೆಚ್ಚು ಒತ್ತಡದಲ್ಲೇ ಹೊರಬರುತ್ತದೆ. ನಳಿಗೆ ಮೋಟಾದಷ್ಟೂ ಸದ್ದು ಜೋರು ಎಂಬುದು ಅಳತೆಗಳಿಂದ ಸಿದ್ಧವಾದ ಸಂಗತಿ: 28 ಇಂಚಿನ ನಳಿಗೆಗೂ 18 ಇಂಚಿನ ನಳಿಗೆಗೂ ನಡುವೆ 10 ಡೆಸಿಬೆಲ್‌ನಷ್ಟು ಅಂತರ ಕಂಡಿದೆ. ಆದರೆ ಅಲ್ಲಿರುವ ವ್ಯತ್ಯಾಸ 10 ಇಂಚು. ರಂಧ್ರಗಳ ವಿಷಯದಲ್ಲಿ ಎರಡು ಮೂರು ಇಂಚು ಮಾತ್ರ, ಅದೂ ಅನಿಲದ ಒಂದು ಪಾಲಿಗೆ ಮಾತ್ರ.

ಮೂರನೆಯದು ದಿಕ್ಕು. ಇದೇ ಎಲ್ಲಕ್ಕಿಂತ ದೊಡ್ಡ ಕಾರಣ. ಮುಂದಕ್ಕೆ ಹೋಗಬೇಕಿದ್ದ ಸ್ಫೋಟದ ಒಂದು ಪಾಲು ಈಗ ಮೇಲಕ್ಕೂ ಬದಿಗೂ ತಿರುಗುತ್ತದೆ. ಎದುರಿಗೆ ಇರುವವನಿಗೆ ಸದ್ದು ತುಸು ಕಡಿಮೆಯಾಗಬಹುದು. ಬದಿಯಲ್ಲಿ ನಿಂತವನಿಗೆ ಹೆಚ್ಚುತ್ತದೆ, ಹೊಡೆಯುವವನಿಗೂ ಸ್ವಲ್ಪ ಹೆಚ್ಚುತ್ತದೆ.

ಎಲ್ಲ ಸೇರಿ ಚರೆಕೋವಿಯಲ್ಲಿ ಏರಿಕೆ ಕೆಲವೇ ಡೆಸಿಬೆಲ್. ಎರಡು ಗುಂಪುಗಳ ಜಗಳ ಇಲ್ಲಿ ಬಗೆಹರಿಯುತ್ತದೆ. ‘ನನಗೇನೂ ವ್ಯತ್ಯಾಸ ಕಾಣಲಿಲ್ಲ’ ಎನ್ನುವವನು ಸಾಮಾನ್ಯವಾಗಿ ಕೋವಿ ಹಿಡಿದವನು. ಅವನ ಗಮನ ಗುರಿಯ ಮೇಲಿರುತ್ತದೆ. ಸದ್ದು ಬರುವುದು ಅವನಿಗೆ ಮೊದಲೇ ಗೊತ್ತಿರುತ್ತದೆ. ‘ತುಂಬ ಜೋರು’ ಎನ್ನುವವನು ಪಕ್ಕದಲ್ಲಿ ನಿಂತವನು. ಮೇಲಕ್ಕೂ ಬದಿಗೂ ಚಿಮ್ಮಿದ ಅನಿಲದ ಚುರುಕಾದ ಸದ್ದು ನೇರವಾಗಿ ಅವನಿಗೆ ತಾಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಜಾಗದಲ್ಲಿ ನಿಂತಿದ್ದಾರೆ, ಅಷ್ಟೆ.

ದೂರದ ಊರಿನವರಿಗೆ? 1 ಮೀಟರ್‌ನಲ್ಲಿ 150 ಡೆಸಿಬೆಲ್ ಇರುವ ಸದ್ದು 2 ಮೀಟರ್‌ನಲ್ಲಿ 144, 4 ಮೀಟರ್‌ನಲ್ಲಿ 138, ಹೀಗೆ ಹತ್ತು ಸಲ ಇಮ್ಮಡಿಸಿದರೆ 1,024 ಮೀಟರ್‌ನಲ್ಲಿ 90. ಗಿಡಮರ, ನೆಲ, ಗಾಳಿ ಹೀರುವುದನ್ನು ಕಳೆದರೆ ಇನ್ನೂ ಕಡಿಮೆ. ಅಷ್ಟು ದೂರದಲ್ಲಿ ಗಾಳಿ ಬೀಸುವ ದಿಕ್ಕು ಬದಲಾದರೂ ಅದಕ್ಕಿಂತ ದೊಡ್ಡ ವ್ಯತ್ಯಾಸವಾಗುತ್ತದೆ. ಆದ್ದರಿಂದ ಜಂಗಮಕೋಟೆಯ ಹೊರವಲಯದ ಹೊಲದಲ್ಲಿ ಹಾರಿದ ಈಡು ರಂಧ್ರದ ನಳಿಗೆಯದೋ ಸಾದಾ ನಳಿಗೆಯದೋ ಎಂದು ಊರೊಳಗೆ ಕೂತವರು ಹೇಳಲಾರರು.

ಕಿವಿಗೆ ತಿಳಿಯದ ಏರಿಕೆ

‘ಎರಡು ಮೂರು ಡೆಸಿಬೆಲ್ ತಾನೆ, ಬಿಡಿ’ ಎಂದು ಇಲ್ಲಿಗೆ ನಿಲ್ಲಿಸುವಂತಿಲ್ಲ. ಮೊದಲನೆಯ ಸೂತ್ರವನ್ನು ನೆನೆಯಿರಿ. 2 ಡೆಸಿಬೆಲ್ ಏರಿಕೆ ಎಂದರೆ ಶಕ್ತಿಯಲ್ಲಿ ನೂರಕ್ಕೆ 58ರಷ್ಟು ಏರಿಕೆ. 3 ಡೆಸಿಬೆಲ್ ಎಂದರೆ ಎರಡರಷ್ಟು. ಗುರಿ ಅಭ್ಯಾಸದಲ್ಲಿ 100 ಈಡು ಹಾರಿಸಿದವನ ಕಿವಿಗೆ 200 ಈಡಿನ ಶಕ್ತಿ ತಾಗಿದಂತೆ. ಸದ್ದು ಹೆಚ್ಚಾಯಿತೆಂದು ಮನಸ್ಸಿಗೆ ಅನ್ನಿಸದಿದ್ದರೂ ಕಿವಿಯೊಳಗಿನ ಅಂಗಕ್ಕೆ ಅದು ಹೆಚ್ಚೇ.

ಇಂತಹ ಸದ್ದನ್ನು ಅಳೆಯುವುದರಲ್ಲಿ ನಮ್ಮ ಕಿವಿ ನಂಬಿಕಸ್ಥ ಸಾಕ್ಷಿಯಲ್ಲ. ಇದಕ್ಕೂ ಕಾರಣಗಳಿವೆ. ಒಂದು ಸದ್ದು ಎಷ್ಟು ಜೋರು ಎಂದು ತೀರ್ಮಾನಿಸಲು ಕಿವಿ ಮತ್ತು ಮಿದುಳಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಸಮಯ ಬೇಕು. ಕೋವಿಯ ಸದ್ದಿನ ಮೊನೆ ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲೇ ಮುಗಿದಿರುತ್ತದೆ. ಹೀಗಾಗಿ ಅದು ತನ್ನ ನಿಜವಾದ ಒತ್ತಡಕ್ಕಿಂತ ಸಣ್ಣದಾಗಿ ಕೇಳಿಸುತ್ತದೆ. ಜೋರು ಸದ್ದು ಬಂದಾಗ ಮಧ್ಯಕಿವಿಯ ಪುಟ್ಟ ಸ್ನಾಯುಗಳು ಬಿಗಿದು ಒಳಗಿವಿಯನ್ನು ಸ್ವಲ್ಪ ಕಾಪಾಡುತ್ತವೆ. ಆದರೆ ಅವು ಬಿಗಿಯುವಷ್ಟರಲ್ಲಿ ಕೋವಿಯ ಸದ್ದು ದಾಟಿಹೋಗಿರುತ್ತದೆ. ಕಳ್ಳ ಹೋದಮೇಲೆ ಬಾಗಿಲು ಹಾಕಿದಂತೆ! ಇನ್ನೂ ಒಂದು ವಿಚಿತ್ರವಿದೆ. ಮೊದಲ ಕೆಲವು ಈಡುಗಳಿಂದ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ. ಆಮೇಲಿನ ಈಡುಗಳು ಅಷ್ಟು ಜೋರೆನಿಸುವುದಿಲ್ಲ. ‘ಅಭ್ಯಾಸವಾಯಿತು’ ಎಂದು ನಾವು ಹೇಳುವುದು ಎಷ್ಟೋ ಸಲ ಗಾಯವಾಯಿತು ಎಂಬುದರ ಇನ್ನೊಂದು ಹೆಸರು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ಅಂಗವಿದೆ. ಪ್ರತಿಯೊಂದು ಕಿವಿಯಲ್ಲೂ ಸುಮಾರು 15,000 ರೋಮಕೋಶಗಳು ಅದರಲ್ಲಿವೆ. ಗಾಳಿಯ ಕಂಪನವನ್ನು ನರದ ಸಂದೇಶವಾಗಿ ಮಾಡುವ ಕೆಲಸ ಇವುಗಳದು. ಕೋವಿಯ ಸದ್ದಿನ ಅಲೆ ಇವುಗಳನ್ನು ಬಿರುಗಾಳಿಗೆ ಸಿಕ್ಕ ಪೈರಿನಂತೆ ಬಗ್ಗಿಸುತ್ತದೆ. ಕೆಲವು ಮತ್ತೆ ಎದ್ದು ನಿಲ್ಲುತ್ತವೆ, ಕೆಲವು ಏಳುವುದಿಲ್ಲ. ಪೈರು ಹೋದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ನಷ್ಟ ಮೊದಲು ಕಾಣಿಸಿಕೊಳ್ಳುವುದು ಸೆಕೆಂಡಿಗೆ 3,000ದಿಂದ 6,000 ಕಂಪನಗಳ ವ್ಯಾಪ್ತಿಯಲ್ಲಿ, ಮುಖ್ಯವಾಗಿ 4,000ದ ಹತ್ತಿರ. ‘ಸ’, ‘ಶ’ ಮುಂತಾದ ವ್ಯಂಜನಗಳ ಚುರುಕು ಇರುವುದು ಈ ಎತ್ತರದ ಸ್ವರಗಳಲ್ಲೇ. ಅ, ಆ, ಓ ಮೊದಲಾದ ಸ್ವರಗಳು ಚೆನ್ನಾಗಿಯೇ ಕೇಳುತ್ತವೆ. ಆದ್ದರಿಂದ ಹೀಗೆ ಕಿವಿ ಕೆಟ್ಟವರು ‘ನನಗೆ ಕೇಳುವುದಿಲ್ಲ’ ಎನ್ನುವುದಿಲ್ಲ. ‘ಕೇಳುತ್ತದೆ, ಏನು ಹೇಳಿದರೆಂದು ತಿಳಿಯುವುದಿಲ್ಲ’ ಎನ್ನುತ್ತಾರೆ. ಗದ್ದಲದ ತರಗತಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಕಷ್ಟ ಹೆಚ್ಚು. ಜೊತೆಗೆ ಕಿವಿಯಲ್ಲಿ ಸದಾ ‘ಗುಂಯ್’ ಎನ್ನುವ ಸದ್ದು ಉಳಿದುಬಿಡಬಹುದು. ಬಲಗೈಯವರು ಕೋವಿಯನ್ನು ಬಲಭುಜಕ್ಕೆ ಒತ್ತಿ ತಲೆ ಓರೆ ಮಾಡಿದಾಗ ಎಡಗಿವಿ ನಳಿಗೆಯ ಕಡೆ ತಿರುಗುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಅದಕ್ಕೇ ಬಹುಕಾಲ ಕೋವಿ ಹಿಡಿದವರಲ್ಲಿ ಎಡಗಿವಿ ಹೆಚ್ಚು ಕೆಟ್ಟಿರುವುದನ್ನು ವೈದ್ಯರು ಕಾಣುತ್ತಾರೆ.

ನಮ್ಮ ನಾಡಿನ ಕೋವಿಗಳು

ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ನಿಷಿದ್ಧವಾಗಿದೆ. 1963ರಿಂದ ರಾಷ್ಟ್ರಪಕ್ಷಿಯಾಗಿರುವ ನವಿಲು ಈ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ದ್ರಾಕ್ಷಿ ತಿಂದರೂ ರಾಗಿ ತಿಂದರೂ ಅದನ್ನು ಕೊಲ್ಲುವಂತಿಲ್ಲ. ಆದರೂ ಕೋವಿಗಳು ನಮ್ಮ ನಾಡಿನಿಂದ ಮಾಯವಾಗಿಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಚುನಾವಣೆ ಬಂದಾಗ ಅವನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಿಸುವುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು.

ಕೊಡಗಿನಲ್ಲಂತೂ ಕೋವಿ ಸಂಸ್ಕೃತಿಯ ಭಾಗ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಲ್ಲಿ 1861ರಲ್ಲಿ ಆರಂಭವಾದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ. ಕೋವಿಗೆ ತೋಕ್ ಪೂ ಎಂಬ ಹೂವು ಮುಡಿಸುತ್ತಾರೆ. ‘ತೋಕ್’ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗಳೂ ನಡೆಯುತ್ತವೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಎಂಬುದು ಹಳೆಯ ಸಂಪ್ರದಾಯ. ದೂರದ ನೆಂಟರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಸದ್ದೇ ಮಾಡುತ್ತಿತ್ತು. ಇಂತಹ ಕೂಟಗಳಲ್ಲಿ ಹೊಡೆಯುವವನ ಅಕ್ಕಪಕ್ಕ ನೆಂಟರಿಷ್ಟರು, ಮಕ್ಕಳು ಗುಂಪಾಗಿ ನಿಂತಿರುತ್ತಾರೆ. ಬದಿಯಲ್ಲಿ ನಿಂತವನ ಕಿವಿಗೆ ಏನಾಗುತ್ತದೆ ಎಂಬ ಪ್ರಶ್ನೆ ಅವರೆಲ್ಲರಿಗೂ ಸೇರಿದ್ದು.

ಮೈಸೂರು ದಸರೆಯಲ್ಲಿ ಜಂಬೂಸವಾರಿಯ ಹೊತ್ತಿಗೆ ಏಳು ಫಿರಂಗಿಗಳಿಂದ ಮೂರು ಸುತ್ತು, ಒಟ್ಟು 21 ಕುಶಾಲತೋಪು ಹಾರಿಸುತ್ತಾರೆ. ಆನೆ ಕುದುರೆಗಳು ಬೆದರದಂತೆ ಹಬ್ಬಕ್ಕೆ ಮುಂಚೆಯೇ ಅವುಗಳಿಗೆ ಸಿಡಿಮದ್ದಿನ ತಾಲೀಮು ನಡೆಯುತ್ತದೆ. ತಾಲೀಮು ಆನೆಯ ಬೆದರಿಕೆಯನ್ನು ಕಳೆಯುತ್ತದೆ. ಕಿವಿಯನ್ನು ಗಟ್ಟಿ ಮಾಡುವ ತಾಲೀಮು ಆನೆಗೂ ಇಲ್ಲ, ಮನುಷ್ಯನಿಗೂ ಇಲ್ಲ.

ಕೋವಿ ಇಲ್ಲದವರಿಗೂ ಈ ಪಾಠ

ನಿಮ್ಮಲ್ಲಿ ಹೆಚ್ಚಿನವರು ಕೋವಿ ಮುಟ್ಟಲಾರಿರಿ. ಆದರೆ ಪಟಾಕಿ? ನಮ್ಮ ದೇಶದಲ್ಲಿ 1999ರಿಂದ ಇರುವ ನಿಯಮದಂತೆ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ ಪಟಾಕಿಯ ಸದ್ದಿನ ಮೊನೆ 145 ಡೆಸಿಬೆಲ್ ಮೀರಬಾರದು. ಮೂರನೆಯ ಸೂತ್ರವನ್ನು ಹಿಂದುಮುಂದಾಗಿ ಹಚ್ಚಿ. 2 ಮೀಟರ್‌ಗೆ ಬಂದರೆ 151, 1 ಮೀಟರ್‌ಗೆ ಬಂದರೆ 157. ಅಂದರೆ ಕಾನೂನಿನ ಮಿತಿಯೊಳಗೇ ಇರುವ ಪಟಾಕಿಯೂ ಹತ್ತಿರದಲ್ಲಿ ಸಿಡಿದರೆ ಚರೆಕೋವಿಗೆ ಸಮ. ನಿಯಮದಲ್ಲಿ ‘4 ಮೀಟರ್’ ಎಂಬ ಮಾತು ಏಕಿದೆ ಎಂಬುದು ಈಗ ಅರ್ಥವಾಗುತ್ತದೆ.

ಹೊಲಗಳಲ್ಲಿ ಮಂಗ, ನವಿಲು, ಹಂದಿಗಳನ್ನು ಬೆದರಿಸಲು ಪೈಪಿನಿಂದ ಮಾಡಿದ ಕಾರ್ಬೈಡ್ ಗನ್ನುಗಳ ಬಳಕೆಯೂ ಇದೆ. ಕಾರ್ಬೈಡ್ ನೀರಿಗೆ ಸೇರಿದಾಗ ಹುಟ್ಟುವ ಅಸಿಟಿಲೀನ್ ಅನಿಲ ಹೊತ್ತಿಕೊಂಡು ಸಿಡಿಯುತ್ತದೆ. ಇವನ್ನು ಆಟಿಕೆ ಎಂದು ಬಗೆಯಬಾರದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ್ ಮೊದಲಾದ ಕಡೆ ಇಂತಹ ಗನ್ನುಗಳಿಂದ ಅನೇಕ ಮಕ್ಕಳ ಕಣ್ಣಿಗೆ ತೀವ್ರ ಗಾಯಗಳಾದವು. ಕಣ್ಣಿನ ಗಾಯ ಅಂದೇ ತಿಳಿಯುತ್ತದೆ. ಕಿವಿಯ ಗಾಯ ವರ್ಷಗಳ ನಂತರ ತಿಳಿಯುತ್ತದೆ.

ಎನ್‌ಸಿಸಿ ಸೇರಿದವರು ಶಿಬಿರಗಳಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಾರಿಸುತ್ತೀರಿ. ಇದರ ಸದ್ದು ಕೋವಿಗಳಲ್ಲೆಲ್ಲ ಸಣ್ಣದು. ಆದರೂ ಸುಮಾರು 140 ಡೆಸಿಬೆಲ್‌ನ ಗೆರೆಯ ಹತ್ತಿರವೇ ಇರುತ್ತದೆ. ಸಾಲಿನಲ್ಲಿ ಅಕ್ಕಪಕ್ಕ ಮಲಗಿ ಹೊಡೆಯುವಾಗ ನಿಮ್ಮ ಈಡಿನ ಜೊತೆಗೆ ಪಕ್ಕದವರ ಈಡಿನ ಸದ್ದೂ ನಿಮ್ಮ ಕಿವಿಗೆ ಬೀಳುತ್ತದೆ. ಮುಂದೆ ಸೇನೆಗೋ ಪೊಲೀಸ್ ಇಲಾಖೆಗೋ ಸೇರಬೇಕೆಂಬ ಆಸೆ ಇದ್ದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಅಲ್ಲಿನ ವೈದ್ಯಕೀಯ ಪರೀಕ್ಷೆಯಲ್ಲಿ ಕಿವಿಯನ್ನೂ ನೋಡುತ್ತಾರೆ.

ಕಿವಿಯನ್ನು ಕಾಯುವ ಬಗೆ

ಹತ್ತಿಯ ಉಂಡೆ ಸಾಲದು. ಅದು ತಡೆಯುವುದು ಬಹಳ ಕಡಿಮೆ. ಔಷಧಿ ಅಂಗಡಿಗಳಲ್ಲಿ ದೊರೆಯುವ ಸ್ಪಂಜಿನ ಕಿವಿಬೆಣೆಯನ್ನು ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಹಾಕಿದರೆ 20ರಿಂದ 30 ಡೆಸಿಬೆಲ್ ಕಡಿಮೆಯಾಗುತ್ತದೆ. ಕಿವಿಯ ಮೇಲೆ ಕೂರುವ ಮುಚ್ಚಳವನ್ನೂ ಜೊತೆಗೆ ಹಾಕಿದರೆ ಇನ್ನು ಸುಮಾರು 5 ಡೆಸಿಬೆಲ್ ಲಾಭ. 30 ಮತ್ತು 20 ಕೂಡಿ 50 ಆಗುವುದಿಲ್ಲ, ಏಕೆಂದರೆ ತಲೆಬುರುಡೆಯ ಮೂಲಕವೂ ಸದ್ದು ಒಳಗೆ ಹೋಗುತ್ತದೆ. ಕೋವಿಗೆ ರಂಧ್ರವಿರಲಿ, ಇಲ್ಲದಿರಲಿ, ಈ 25 ಡೆಸಿಬೆಲ್‌ನ ಮುಂದೆ ರಂಧ್ರದ ಎರಡು ಮೂರು ಡೆಸಿಬೆಲ್ ಏನೂ ಅಲ್ಲ. ವಾದ ಮಾಡುವವರು ಮೊದಲು ಕಿವಿ ಮುಚ್ಚಿಕೊಳ್ಳುವುದು ಲೇಸು.

ಬೇರೆಯವರ ಈಡು ನೋಡಲು ನಿಂತರೆ ಬದಿಯಲ್ಲಿ ನಿಲ್ಲಬೇಡಿ. ಸಾಕಷ್ಟು ದೂರ ಹಿಂದೆ ನಿಲ್ಲಿ. ಯಾರೇ ಆಗಲಿ ನಳಿಗೆಗೆ ಊರಿನ ಲೇತಿನಲ್ಲಿ ರಂಧ್ರ ಹಾಕಿಸುವ ಸಾಹಸಕ್ಕೆ ಇಳಿಯಬಾರದು. ಪರವಾನಗಿ ಇಲ್ಲದವರು ಕೋವಿಯನ್ನು ದುರಸ್ತಿ ಮಾಡುವುದು, ಮಾರ್ಪಡಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ದುರ್ಬಲವಾದ ನಳಿಗೆ ಸಿಡಿದರೆ ಕೈಯೇ ಹೋದೀತು.

ಈಡು ಅಥವಾ ಪಟಾಕಿಯ ನಂತರ ಕಿವಿ ಗುಂಯ್ ಎಂದರೆ, ಮುಚ್ಚಿಕೊಂಡಂತಾದರೆ ಅದು ಎಚ್ಚರಿಕೆಯ ಗಂಟೆ. ಮರುದಿನವೂ ಹಾಗೆಯೇ ಇದ್ದರೆ, ಅಥವಾ ಕಿವಿಯಿಂದ ರಕ್ತ ಬಂದರೆ, ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಬೇಡ. ಕಿವುಡು ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮವೊಂದು ನಮ್ಮಲ್ಲಿದ್ದು ಸರ್ಕಾರಿ ಆಸ್ಪತ್ರೆಗಳ ಮೂಲಕ ನಡೆಯುತ್ತದೆ. ಶ್ರವಣ ಪರೀಕ್ಷೆಯಲ್ಲಿ ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ.

ಯೋಚಿಸಿ, ಮಾಡಿ ನೋಡಿ

1. ದೂರದಲ್ಲಿ ಪಟಾಕಿ ಸಿಡಿದಾಗ ಬೆಳಕು ಕಂಡ ಕ್ಷಣಕ್ಕೂ ಸದ್ದು ಕೇಳಿದ ಕ್ಷಣಕ್ಕೂ ನಡುವಿನ ಸೆಕೆಂಡುಗಳನ್ನು ಎಣಿಸಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಎಂದಿಟ್ಟುಕೊಂಡು ದೂರವನ್ನು ಲೆಕ್ಕ ಹಾಕಿ.

2. ಗೆಳೆಯನೊಬ್ಬ ಕೊಡೆಯನ್ನು ಅಡ್ಡ ಹಿಡಿದು ಅದರ ಬಟ್ಟಲಿನ ಕಡೆಗೆ ಮಾತನಾಡಲಿ. ಅವನ ಎದುರು, ಬದಿ, ಹಿಂದೆ ಸಮದೂರದಲ್ಲಿ ನಿಂತು ಕೇಳಿ. ಮಾತು ಅಷ್ಟೇ ಇದ್ದರೂ ಯಾವ ದಿಕ್ಕಿಗೆ ಹೆಚ್ಚು, ಯಾವ ದಿಕ್ಕಿಗೆ ಕಡಿಮೆ? ಕೋವಿಯ ರಂಧ್ರಗಳ ಕೆಲಸಕ್ಕೆ ಇದನ್ನು ಹೋಲಿಸಿ.

3. ನಿಮ್ಮೂರಿನಲ್ಲಿ ಬೆಳೆ ಕಾಯಲು ಬಳಸುವ ಸದ್ದಿನ ಉಪಾಯಗಳನ್ನು ಪಟ್ಟಿ ಮಾಡಿ. ಬಲೆ, ಬೇಲಿಗಳಂತಹ ಸದ್ದಿಲ್ಲದ ಉಪಾಯಗಳು ಯಾವುವು? ಪ್ರತಿಯೊಂದರ ಖರ್ಚು, ಫಲ, ಕಾವಲುಗಾರನ ಆರೋಗ್ಯದ ಮೇಲಿನ ಪರಿಣಾಮ, ಈ ಮೂರನ್ನೂ ತರಗತಿಯಲ್ಲಿ ಚರ್ಚಿಸಿ.

4. ಹೊಲ ಕಾಯುವ ತಾತನಿಗೋ ಮಾವನಿಗೋ ಒಂದು ಜೊತೆ ಕಿವಿಬೆಣೆ ತಂದುಕೊಟ್ಟು, ಹಾಕಿಕೊಳ್ಳುವ ಕ್ರಮವನ್ನು ತೋರಿಸಿಕೊಡಿ. ಅವರು ‘ನನಗೆ ಅಭ್ಯಾಸವಾಗಿದೆ’ ಎಂದರೆ ರೋಮಕೋಶಗಳ ಸಂಗತಿಯನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಿ.